ಪಾರ್ಶ್ವವಾಯುವಿನ ನಂತರದ ಮರೆವು: ಅಕ್ಯುಪಂಕ್ಚರೋ, ಅರಿವಿನ ತರಬೇತಿಯೋ?

ಮೊದಲು ನೆನಪು, ಗಮನ ಅಳೆಯುವ ಮೋಕಾ ಪರೀಕ್ಷೆ ಮಾಡಿಸಿ. 30ಕ್ಕೆ 26ಕ್ಕಿಂತ ಕಡಿಮೆ ಬಂದರೆ ವಿವರವಾದ ತಪಾಸಣೆ ಬೇಕು. ಓದು ಕಡಿಮೆ ಇದ್ದವರಿಗೆ ಅಂಕ ಹೇಗೂ ತಗ್ಗುತ್ತದೆ. ಖಿನ್ನತೆ, ಬಿ12 ಕೊರತೆಯೂ ಮರೆವು ತರುತ್ತವೆ.

ಅಕ್ಯುಪಂಕ್ಚರ್‌ನಲ್ಲಿ ನೆತ್ತಿಯ ಬೈಹುಯ್ ಬಿಂದುವಿಗೂ ಅದರ ಸುತ್ತಲಿನ ನಾಲ್ಕು ಬಿಂದುಗಳಿಗೂ ಸೂಜಿ ಚುಚ್ಚಿ ಸುಮಾರು 30 ನಿಮಿಷ ಬಿಡುತ್ತಾರೆ. ಚೀನಾದ ಅಧ್ಯಯನಗಳಲ್ಲಿ ವಾರಕ್ಕೆ 5 ದಿನ, 4ರಿಂದ 8 ವಾರ ಸಾಮಾನ್ಯ. ಅಂಕ ಏರಿದ ವರದಿಗಳಿವೆ. ಆದರೆ ಹೆಚ್ಚಿನವು ಚಿಕ್ಕ ಅಧ್ಯಯನಗಳು, ಹಲವುಗಳಲ್ಲಿ ಸೂಜಿಯ ಜೊತೆ ಅರಿವಿನ ತರಬೇತಿಯೂ (ನೆನಪು, ಗಮನದ ಅಭ್ಯಾಸ) ಇತ್ತು. ಯಾವುದರಿಂದ ಎಷ್ಟು ಗುಣವಾಯಿತೆಂದು ಬಿಡಿಸಿ ಹೇಳುವುದು ಕಷ್ಟ.

ತರಬೇತಿ ನೇರವಾಗಿ ದಿನದ ಕೆಲಸಕ್ಕೇ ಕೈಹಾಕುತ್ತದೆ. ಮಾತ್ರೆಯನ್ನೇ ನೋಡಿ: ಬೆಳಿಗ್ಗೆ 8ಕ್ಕೆ ಅಲಾರಂ, ಏಳು ಖಾನೆಯ ಡಬ್ಬಿ, ನುಂಗಿದ ಕೂಡಲೇ ಡೈರಿಯಲ್ಲಿ ಗುರುತು. ಕಲಿಸುವಾಗ "ಊಹಿಸಿ ನೋಡಿ" ಅನ್ನಬೇಡಿ, ತಪ್ಪು ಉತ್ತರವೇ ನೆನಪಲ್ಲಿ ಕೂತುಬಿಡುತ್ತದೆ. ಮನೆಯವರು ಎರಡೇ ವಾರಕ್ಕೆ ಕೈಬಿಟ್ಟರೆ ಅಭ್ಯಾಸ ಬೇರೂರುವುದಿಲ್ಲ.

ನಮ್ಮ ಸಲಹೆ: ತರಬೇತಿ ಬಿಡದೆ ನಡೆಯಲಿ, ಸೂಜಿ ಬೇಕೆನಿಸಿದರೆ ಅದರ ಜೊತೆಗೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಪೇಸ್‌ಮೇಕರ್ ಇದ್ದರೆ ಸೂಜಿಗೆ ವಿದ್ಯುತ್ ಹರಿಸುವ ವಿಧಾನ ಬೇಡ. ಸೂಜಿ ಒಮ್ಮೆ ಬಳಸಿ ಎಸೆಯುವಂಥದ್ದೇ ಆಗಿರಲಿ, ಪೊಟ್ಟಣ ನಿಮ್ಮೆದುರೇ ಒಡೆಯಲಿ.