ಹೊಸ ಪೇಂಟಿನ ಡಬ್ಬ ನೋಡಿ ಮೋಸ ಹೋದೆ, ನೀವು ಹಳೇ ಪೇಂಟ್ ನೋಡಿ

ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆಯಾ? ಹಳೇ ಮನೆಗೆ ಪೇಂಟ್ ಮಾಡಿಸುವ ಯೋಚನೆ ಇದೆಯಾ? ಹಾಗಿದ್ದರೆ ಇದನ್ನು ಓದಿ, ಆಮೇಲೆ ಕೆಲಸದವರನ್ನು ಕರೆಸಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ.

ನಾನೇನು ಏನೂ ಗೊತ್ತಿಲ್ಲದವಳಲ್ಲ. ಪೇಂಟಿನಲ್ಲಿ ಸೀಸ ಇರುತ್ತದೆ, ಮಕ್ಕಳಿಗೆ ಅದು ವಿಷ ಅಂತ ಓದಿದ್ದೆ. ಅದಕ್ಕೇ ಕಾಂಟ್ರಾಕ್ಟರ್ ಮನೆ ನೋಡೋಕೆ ಬಂದ ದಿನವೇ ಹೇಳಿದೆ, "ಸೀಸ ಇಲ್ಲದ ಪೇಂಟೇ ಬೇಕು. ಮಗು ಈಗ ತಾನೇ ನಡೆಯೋಕೆ ಶುರು ಮಾಡಿದೆ." ಆತ ನಕ್ಕು, "ನಮ್ಮ ಮನೇಲೂ ಮಕ್ಕಳಿದ್ದಾರೆ ಮೇಡಂ, ಚಿಂತೆ ಬಿಡಿ" ಅಂದ. ಮರುದಿನ ಡಬ್ಬ ತಂದು ಲೇಬಲ್ ಮೇಲೆ ಬೆರಳಿಟ್ಟು ತೋರಿಸಿದ. ಸೀಸ ಇಲ್ಲ ಅಂತ ಬರೆದಿತ್ತು. ಎಷ್ಟು ಬುದ್ಧಿವಂತೆ ನಾನು ಅಂತ ನನಗೇ ಖುಷಿ ಆಯ್ತು. ನಾನು ಬೇಸ್ತು ಬಿದ್ದದ್ದು ಅಲ್ಲೇ.

ಆಮೇಲೆ ಕೆರೆಯೋ ಕೆಲಸ. ಕಿಟಕಿ, ಬಾಗಿಲಿನ ಮೇಲೆಲ್ಲ ಹಳೇ ಪೇಂಟ್, ಒಂದರ ಮೇಲೊಂದು. ಮೇಲೆ ಬಿಳಿ, ಅದರಡಿ ಹಸಿರು, ಎಲ್ಲಕ್ಕಿಂತ ಅಡಿಯಲ್ಲಿ ಗಾಢ ಹಳದಿ. ಮೆಷಿನ್ ಹಚ್ಚಿ ಉಜ್ಜಿದರು. ನಾಲ್ಕು ದಿನ. ನೀರು ಚಿಮುಕಿಸಲಿಲ್ಲ, ಪ್ಲಾಸ್ಟಿಕ್ ಹಾಳೆ ಕಟ್ಟಲಿಲ್ಲ. "ಧೂಳು ಜಾಸ್ತಿ ಆಯ್ತಲ್ವಾ?" ಅಂದೆ. "ಧೂಳಿಲ್ಲದೆ ಪೇಂಟಿಂಗ್ ಆಗುತ್ತಾ ಮೇಡಂ? ಸಂಜೆ ಗುಡಿಸಿ ಕೊಡ್ತೀವಿ." ಗುಡಿಸಿದರು ಕೂಡ, ಒಣ ಪೊರಕೆಯಲ್ಲಿ. ನೆಲದ ಮೇಲಿದ್ದದ್ದು ಎದ್ದು ಮಂಚದ ಮೇಲೆ, ಆಟಿಕೆಗಳ ಮೇಲೆ ಕೂತಿತು.

ಮೂರನೇ ದಿನ ಮಗಳು ಕಿಟಕಿ ಕಟ್ಟೆ ಹಿಡಿದು ನಿಂತಿದ್ದಳು. ಆ ಧೂಳಿನಲ್ಲಿ ಅವಳ ಐದು ಬೆರಳೂ ಅಚ್ಚೊತ್ತಿದ ಹಾಗೆ ಮೂಡಿದ್ದವು. ಇನ್ನೊಂದು ಕೈ ಬಾಯಲ್ಲಿ. ನಾನೇನು ಮಾಡಿದೆ ಗೊತ್ತಾ? ಫೋಟೋ ತೆಗೆದೆ. "ನಮ್ಮನೆ ಪುಟ್ಟ ಮೇಸ್ತ್ರಿ" ಅಂತ ಬರೆದು ಮನೆಯವರಿಗೆಲ್ಲ ಕಳಿಸಿದೆ. ಎಲ್ಲರೂ ನಕ್ಕರು.

ಒಂದು ತಿಂಗಳಾದ ಮೇಲೆ ಲಸಿಕೆಗೆ ಹೋದಾಗ ಡಾಕ್ಟರಿಗೆ ಮಾತಿಗೆ ಮಾತು ಬಂದು ಪೇಂಟಿಂಗ್ ವಿಷಯ ಹೇಳಿದೆ. ಅವರ ಮುಖ ಬದಲಾಯಿತು. "ಮನೆ ಎಷ್ಟು ಹಳೇದು? ಒಣಗಿದ್ದ ಹಾಗೇ ಉಜ್ಜಿದ್ರಾ?" ಅಂತ ಕೇಳಿದರು. ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಮಗಳ ಬೆರಳು ಚುಚ್ಚಿ ನೋಡಿದಾಗ 17 ಬಂತು. ಬೆರಳಿಗೆ ಧೂಳು ಅಂಟಿದ್ದರೆ ಲೆಕ್ಕ ತಪ್ಪುತ್ತೆ ಅಂತ ರಕ್ತನಾಳದಿಂದ ರಕ್ತ ತೆಗೆಸಿದರು. 14. ಅಂದರೆ ಒಂದು ಡೆಸಿಲೀಟರ್ ರಕ್ತಕ್ಕೆ 14 ಮೈಕ್ರೋಗ್ರಾಂ ಸೀಸ. 5 ಬಂದರೇ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ.

ಅಲ್ಲೇ ಕಾರಿಡಾರಿನಲ್ಲಿ ನಿಂತು ಕಾಂಟ್ರಾಕ್ಟರಿಗೆ ಫೋನ್ ಮಾಡಿದೆ.

"ಸೀಸ ಇಲ್ಲ ಅಂದ್ರಲ್ಲ ನೀವು?"

"ನಾನು ಹಚ್ಚಿದ ಪೇಂಟಲ್ಲಿ ಇಲ್ಲ ಮೇಡಂ. ಡಬ್ಬ ನೀವೇ ನೋಡಿದ್ರಲ್ಲ. ನಿಮ್ಮ ಹಳೇ ಪೇಂಟಲ್ಲಿ ಏನಿತ್ತೋ ನಂಗೇನು ಗೊತ್ತು? ಅದನ್ನ ನೀವು ಕೇಳಲೇ ಇಲ್ಲ."

ನಾನು ಕೇಳಲೇ ಇಲ್ಲ! ಹೌದು, ಕೇಳಲಿಲ್ಲ. ಬಾಯಿಂದ ಮಾತೇ ಹೊರಡಲಿಲ್ಲ. ನನ್ನ ಪ್ರಶ್ನೆಗೆ ಆತ ಸರಿಯಾದ ಉತ್ತರವನ್ನೇ ಕೊಟ್ಟಿದ್ದ, ಪ್ರಶ್ನೆಯೇ ತಪ್ಪಾಗಿತ್ತು. ಬಣ್ಣ ಗಾಢವಾಗಿರಲಿ, ಬೇಗ ಒಣಗಲಿ ಅಂತ ಹಿಂದೆ ಪೇಂಟಿಗೆ ಸೀಸ ಹಾಕುತ್ತಿದ್ದರು. ಗಾಢ ಹಳದಿಯಲ್ಲಂತೂ ಬಣ್ಣ ಬರುತ್ತಿದ್ದದ್ದೇ ಎಷ್ಟೋ ಸಲ ಸೀಸದಿಂದ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಇದು ಗೊತ್ತಿಲ್ಲವಾ? ಬಾಗಿಲ ಹಿಂದೆ ಉಳಿದಿದ್ದ ಒಂದು ಹಳದಿ ಚೂರನ್ನು ಲ್ಯಾಬಿಗೆ ಕಳಿಸಿದೆ. ಹೊಸ ಪೇಂಟಿಗೆ ಈಗ ಹಲವು ದೇಶಗಳಲ್ಲಿರುವ ಮಿತಿ 10 ಲಕ್ಷ ಭಾಗಕ್ಕೆ 90 ಭಾಗ. ನಮ್ಮದು ಸಾವಿರಗಳಲ್ಲಿ ಬಂತು.

ರಿಪೋರ್ಟ್ ಕಳಿಸಿದೆ. ಆತನ ಉತ್ತರ: "ಮಗು ಚೆನ್ನಾಗೇ ಆಡ್ತಿದೆಯಲ್ಲ ಮೇಡಂ. ನಾವೆಲ್ಲ ಈ ಧೂಳಲ್ಲೇ ಬೆಳೆದವರು. ನಮಗೇನಾಗಿದೆ?"

ಹೌದು, ಆಡುತ್ತಿದೆ. ಅದೇ ತಾನೇ ಭಯ! ಜ್ವರ ಇಲ್ಲ, ವಾಂತಿ ಇಲ್ಲ, ಏನೂ ಕಾಣಲ್ಲ. ಡಾಕ್ಟರ್ ಹೇಳಿದ್ದು ಇಷ್ಟು. ದೇಹಕ್ಕೆ ಸೀಸ ಮತ್ತು ಕ್ಯಾಲ್ಸಿಯಂ ನಡುವೆ ವ್ಯತ್ಯಾಸ ತಿಳಿಯಲ್ಲ, ಕ್ಯಾಲ್ಸಿಯಂ ಹೋಗುವ ದಾರಿಯಲ್ಲೇ ಅದೂ ಹೋಗುತ್ತದೆ, ಮೆದುಳಿಗೂ. ನುಂಗಿದ ಸೀಸದಲ್ಲಿ ದೊಡ್ಡವರು ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಜಾಸ್ತಿ ಮಕ್ಕಳು ಹೀರಿಕೊಳ್ಳಬಹುದು. ನರಕೋಶಗಳು ಒಂದಕ್ಕೊಂದು ಗಂಟು ಹಾಕಿಕೊಳ್ಳುವ ವಯಸ್ಸು ಅದು. ಆ ಹೊತ್ತಿಗೆ ಇದು ನಡುವೆ ನುಗ್ಗುತ್ತದೆ. ಪೆಟ್ಟು ಕಾಣುವುದು ಎಷ್ಟೋ ವರ್ಷ ಬಿಟ್ಟು, ಶಾಲೆಯಲ್ಲಿ. ಗಮನ ನಿಲ್ಲಲ್ಲ, ಕಲಿತದ್ದು ತಡವಾಗಿ ಹತ್ತುತ್ತದೆ, ಸಿಟ್ಟು ಜಾಸ್ತಿ. ಎಲ್ಲರೂ ಮಗುವನ್ನೇ ಬೈಯುತ್ತಾರೆ. 1979ರಲ್ಲೇ ಹರ್ಬರ್ಟ್ ನೀಡಲ್‌ಮನ್ ಅನ್ನುವ ವೈದ್ಯರು ಮಕ್ಕಳ ಉದುರಿದ ಹಾಲುಹಲ್ಲು ಸೇರಿಸಿ ಸೀಸ ಅಳೆದಿದ್ದರು. ಹಲ್ಲಿನಲ್ಲಿ ಸೀಸ ಜಾಸ್ತಿ ಇದ್ದ ಮಕ್ಕಳು ಬುದ್ಧಿಮತ್ತೆ ಪರೀಕ್ಷೆಯಲ್ಲೂ ಹಿಂದೆ, ತರಗತಿಯಲ್ಲಿ ಗಮನ ಕೊಡುವುದರಲ್ಲೂ ಹಿಂದೆ. ಮೇಲ್ನೋಟಕ್ಕೆ ಆರೋಗ್ಯವಾಗೇ ಇದ್ದ ಮಕ್ಕಳು ಅವರು.

"ನಮಗೇನಾಗಿದೆ" ಅಂತ ಕೇಳೋದು ಸುಲಭ. ಧೂಳು ಕುಡಿಯದೆ ಬೆಳೆದಿದ್ದರೆ ಹೇಗಿರುತ್ತಿದ್ದೆವು ಅಂತ ಯಾರಿಗೆ ಗೊತ್ತು? ಇನ್ನೊಂದು ಮಾತು, ಸಿಟ್ಟಿನಲ್ಲೂ ಹೇಳಲೇಬೇಕು. ಆತನ ಹುಡುಗರು ಮಾಸ್ಕ್ ಇಲ್ಲದೆ ಕೆಲಸ ಮಾಡಿದರು, ಅದೇ ಬಟ್ಟೆಯಲ್ಲಿ ಮನೆಗೆ ಹೋದರು. ಆತನ ಮನೆಯಲ್ಲೂ ಮಕ್ಕಳಿದ್ದಾರಲ್ಲ. ಇದನ್ನೂ ಹೇಳಿದೆ. ಓದಿದ, ಉತ್ತರ ಇಲ್ಲ.

ಔಷಧಿ ಕೊಡಿ ಅಂತ ಡಾಕ್ಟರ ಹತ್ತಿರ ಗೋಗರೆದೆ. ಸೀಸ ತೆಗೆಯುವ ಔಷಧಿ ಸಾಮಾನ್ಯವಾಗಿ ಕೊಡುವುದು ರಕ್ತದ ಸೀಸ 45 ಮುಟ್ಟಿದ ಮೇಲಂತೆ. ಅದು ಕೂಡ ರಕ್ತದಲ್ಲಿರುವುದನ್ನು ಇಳಿಸುತ್ತದೆ, ಮೆದುಳಿಗೆ ಆದದ್ದನ್ನು ವಾಪಸ್ ಮಾಡಲ್ಲ. ಧೂಳು ನಿಲ್ಲಿಸಿ, ಕಬ್ಬಿಣಾಂಶ, ಕ್ಯಾಲ್ಸಿಯಂ ಕಡಿಮೆ ಆಗದ ಹಾಗೆ ನೋಡಿಕೊಳ್ಳಿ ಅಂದರು. ಅಷ್ಟೇ. ಮೂರು ತಿಂಗಳಿಗೆ 9ಕ್ಕೆ ಇಳಿದಿದೆ. ಮೂಳೆಯಲ್ಲಿ ಕೂತದ್ದು ವರ್ಷಗಟ್ಟಲೆ ಇರುತ್ತದಂತೆ.

ಡಬ್ಬದ ಲೇಬಲ್ ನೋಡಿ ಕೂರಬೇಡಿ. ಹಳೇ ಪೇಂಟಿನ ಎಲ್ಲ ಪದರವೂ ಸಿಗುವ ಹಾಗೆ ಚೂರು ತೆಗೆದು ಮೊದಲೇ ಲ್ಯಾಬಿಗೆ ಕೊಡಿ. ಸೀಸ ಇದ್ದರೆ ಅದನ್ನು ತೆಗೆಯೋಕೆ ತರಬೇತಿ ಇದ್ದವರನ್ನೇ ಹುಡುಕಿ. ಒಣಗಿದ್ದ ಹಾಗೇ ಉಜ್ಜುತ್ತೇನೆ, ಬೆಂಕಿ ಹಚ್ಚಿ ಸುಡುತ್ತೇನೆ ಅಂದವನನ್ನು ಬಾಗಿಲಿಂದಲೇ ಕಳಿಸಿ. ಕೆಲಸ ಮುಗಿದು ಒದ್ದೆ ಬಟ್ಟೆಯಲ್ಲಿ ಪೂರ್ತಿ ಒರೆಸುವವರೆಗೂ ಮಗುವಾಗಲಿ ಗರ್ಭಿಣಿಯಾಗಲಿ ಆ ಮನೆಯಲ್ಲಿ ಇರಬಾರದು. ಈಗಾಗಲೇ ಧೂಳು ಕುಡಿದಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಮಗು ಆಡುತ್ತಿದೆ ಅಂತ ಸುಮ್ನಿರಬೇಡಿ.

ಹೋದ ವಾರ ಆ ಐದು ಬೆರಳಿನ ಫೋಟೋನ ಆತನಿಗೂ ಕಳಿಸಿದೆ. ಕೆಳಗೆ ಏನೂ ಬರೆಯಲಿಲ್ಲ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು: "ಪಾಪು ಮುದ್ದಾಗಿದೆ ಮೇಡಂ. ಬಾಕಿ ದುಡ್ಡು ಯಾವಾಗ ಕೊಡ್ತೀರಾ?"