ಯಕ್ಷಗಾನ ಪ್ರಸಂಗಕ್ಕೆ ಕಾಪಿರೈಟ್ ನೋಂದಣಿ: ಐನೂರು ರೂಪಾಯಿಗೆ ಸಿಗುವುದೇನು, ಸಿಗದಿರುವುದೇನು

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಹೊಸ ಪ್ರಸಂಗ, ಅಂದರೆ ಆಟಕ್ಕೆಂದು ಪದ್ಯದಲ್ಲಿ ಕಟ್ಟಿದ ಕಥೆ, ಬರೆದವರಿಗೆ ಕೇಂದ್ರ ಸರಕಾರದ ಕಾಪಿರೈಟ್ ಕಚೇರಿಯ ಆನ್‌ಲೈನ್ ನೋಂದಣಿ ಕೊಟ್ಟ ಹಣಕ್ಕೆ ಮೋಸವಿಲ್ಲದ ಸೇವೆ. ಆಟ, ಎಂದರೆ ಯಕ್ಷಗಾನ ಪ್ರದರ್ಶನ, ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವ ಸಂಸ್ಥೆಗಳಿಗೂ ಉಪಯೋಗವಿದೆ, ಆದರೆ ದರ ಜಾಸ್ತಿ. ಹಾಡುವ ಭಾಗವತರಿಗೆ, ಚೆಂಡೆ ಮದ್ದಳೆಯವರಿಗೆ, ವೇಷಧಾರಿಗಳಿಗೆ, ಮಾತಿನಲ್ಲಿ ಅರ್ಥ ಹೇಳುವ ಅರ್ಥಧಾರಿಗಳಿಗೆ ಮಾತ್ರ ಈ ಸೇವೆಯಲ್ಲಿ ಏನೂ ಇಲ್ಲ. ಅವರ ಹಕ್ಕು ಕಾನೂನಿನಲ್ಲಿ ಗಟ್ಟಿಯಾಗಿಯೇ ಇದೆ. ಅದನ್ನು ಕೈಗೆ ತಂದುಕೊಡುವುದು ಒಪ್ಪಂದದ ಕಾಗದ, ನೋಂದಣಿಯ ಸರ್ಟಿಫಿಕೇಟ್ ಅಲ್ಲ. ಮಂಗಳೂರು, ಉಡುಪಿ ಕಡೆ ಇವೆರಡನ್ನೂ ಒಂದೇ ಎಂದು ತಿಳಿದವರು ಬಹಳ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ.

ದರ ಹೀಗಿದೆ: ಸಾಹಿತ್ಯ, ನಾಟಕ, ಸಂಗೀತ ಕೃತಿಗೆ ತಲಾ 500 ರೂಪಾಯಿ, ಧ್ವನಿಮುದ್ರಣಕ್ಕೆ 2000, ಚಲನಚಿತ್ರಕ್ಕೆ 5000. ಇಡೀ ರಾತ್ರಿಯ ಆಟದ ವಿಡಿಯೋ ಕಾನೂನಿನ ಕಣ್ಣಿಗೆ ಚಲನಚಿತ್ರವೇ. ಒಂದು ಕೃತಿಗೆ ಒಂದು ಅರ್ಜಿ. ಐದು ಪ್ರಸಂಗ ಒಟ್ಟು ಮಾಡಿ ಒಂದೇ ಅರ್ಜಿಯಲ್ಲಿ ತಳ್ಳಲಾಗದು. ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ. ನವೀಕರಣದ ರಗಳೆ ಇಲ್ಲ: ಬರೆದವರ ಜೀವಮಾನ, ಅದರ ಮೇಲೆ 60 ವರ್ಷ. ಏಜೆಂಟರ ಮೂಲಕ ಹೋಗುವುದಾದರೆ ಸರಕಾರಿ ಶುಲ್ಕದ ರಶೀದಿ ಬೇರೆಯೇ ಕೇಳಿ ಪಡೆಯಿರಿ. ಇಂಗ್ಲಿಷಿನಲ್ಲಿ ಫಾರಂ ತುಂಬಬಲ್ಲ ಒಬ್ಬರು ಮನೆಯಲ್ಲಿದ್ದರೆ ಏಜೆಂಟರ ಅಗತ್ಯವೇ ಇಲ್ಲ.

ಕೆಲಸ ಹೀಗೆ ಸಾಗುತ್ತದೆ. ಜಾಲತಾಣದಲ್ಲಿ ಖಾತೆ ತೆರೆದು ಹದಿನಾಲ್ಕನೇ ನಮೂನೆಯನ್ನು ತುಂಬಬೇಕು. ಅದಕ್ಕೆ ಎರಡು ವಿವರ ಪಟ್ಟಿಗಳು ಅಂಟಿಕೊಂಡಿವೆ. ಮೊದಲನೆಯದರಲ್ಲಿ ಕೃತಿಯ ಹೆಸರು, ಭಾಷೆ, ಬರೆದವರು, ಹಕ್ಕುದಾರರು, ಮೊದಲು ಪ್ರಕಟವಾದ ವರ್ಷ ಮತ್ತು ದೇಶ. ಸಹಿಯ ಚಿತ್ರ ಹಾಕಿ, ಹಣ ಕಟ್ಟಿ, ಕೃತಿಯ ಪ್ರತಿ ಏರಿಸಿದರೆ ಡೈರಿ ಸಂಖ್ಯೆ ಬರುತ್ತದೆ. ಅರ್ಜಿ ಎಲ್ಲಿದೆ ಎಂದು ನೋಡಲು ಆ ಸಂಖ್ಯೆಯೊಂದೇ ದಾರಿ, ಜೋಪಾನ.

ಹೆಚ್ಚಿನವರು ಎಡವುವುದು ಎರಡನೇ ಪಟ್ಟಿಯಲ್ಲಿ. ಕೃತಿ ಸ್ವತಂತ್ರವೋ, ಅನುವಾದವೋ, ರೂಪಾಂತರವೋ ಎಂದು ಅಲ್ಲಿ ಕೇಳುತ್ತಾರೆ. ಅನುವಾದ, ರೂಪಾಂತರವಾದರೆ ಮೂಲಕ್ಕೆ ಹಕ್ಕು ಇನ್ನೂ ಇದೆಯೋ, ಸಾರ್ವಜನಿಕ ಸ್ವತ್ತಾಗಿದೆಯೋ ಎಂಬುದನ್ನೂ ಹೇಳಬೇಕು. ಮಹಾಭಾರತದ, ಭಾಗವತದ ಕಥೆ ಹಿಡಿದು ಹೊಸ ಪದ್ಯ ಕಟ್ಟಿದ್ದರೆ ಕಣ್ಣುಮುಚ್ಚಿ ‘ಸ್ವತಂತ್ರ’ ಎಂದು ಬರೆಯಬೇಡಿ. ಕಥೆ ಮಾತ್ರ ಪುರಾಣದ್ದು, ಭಾಮಿನಿ ವಾರ್ಧಕ ಕಂದಗಳೆಲ್ಲ ನಿಮ್ಮವೇ ಆಗಿದ್ದರೆ ಸ್ವತಂತ್ರ ಎನ್ನಬಹುದು. ಹಳೆಯ ಪ್ರಸಂಗದ ಪದ್ಯಗಳನ್ನೇ ಇಟ್ಟುಕೊಂಡು ನಡುವೆ ನಿಮ್ಮದನ್ನು ಸೇರಿಸಿದ್ದರೆ ಅದು ರೂಪಾಂತರ, ಮತ್ತು ಹಕ್ಕು ನೀವು ಸೇರಿಸಿದ ಪದ್ಯಗಳಿಗಷ್ಟೇ. ತೀರಿಹೋಗಿ 60 ವರ್ಷ ಕಳೆಯದ ಕವಿಯ ಪದ್ಯ ಒಳಗೆ ಇದ್ದರೆ ವಾರಸುದಾರರ ಒಪ್ಪಿಗೆ ಪತ್ರ ಬೇಕು. ಇಬ್ಬರು ಕೂಡಿ ಬರೆದದ್ದಾದರೆ ಇನ್ನೊಬ್ಬರ ನಿರಾಕ್ಷೇಪಣಾ ಪತ್ರವೂ ಬೇಕು.

‘ಅಪ್ರಕಟಿತ’ ಎಂಬ ಪದ ಇನ್ನೊಂದು ಗುಂಡಿ. ಕಾಪಿರೈಟ್ ಕಾಯ್ದೆಯಲ್ಲಿ ಅಚ್ಚಾಗುವುದು ಮಾತ್ರ ಪ್ರಕಟಣೆಯಲ್ಲ, ಸಾರ್ವಜನಿಕರಿಗೆ ತಲುಪಿಸುವುದೂ ಪ್ರಕಟಣೆ. ಪುಸ್ತಕ ಬಂದಿಲ್ಲ, ಆದರೆ ಆಟ ಆಡಿ ಯೂಟ್ಯೂಬಿಗೂ ಹೋಗಿದೆ ಎಂದಾದರೆ ‘ಪ್ರಕಟಿತ’ ಎಂದೇ ಬರೆದು ಆ ದಿನಾಂಕ ಕೊಡಿ. ಮೊದಲ ಪ್ರಯೋಗ ದುಬೈಯಲ್ಲಿ ಆಗಿದ್ದರೆ ದೇಶದ ಕಲಂನಲ್ಲಿ ಯುಎಇ ಬರಬೇಕು. ಹೆಸರಿನ ಇಂಗ್ಲಿಷ್ ಕಾಗುಣಿತ ಅರ್ಜಿ, ಒಪ್ಪಿಗೆ ಪತ್ರ, ಕೃತಿಯ ಮುಖಪುಟ ಮೂರರಲ್ಲೂ ಒಂದೇ ರೀತಿ ಇರಲಿ. ಒಂದು ಕಡೆ ದೀರ್ಘ, ಇನ್ನೊಂದು ಕಡೆ ಹ್ರಸ್ವ ಎಂದಾದರೆ ತಕರಾರಿನ ಪತ್ರಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ಅರ್ಜಿಯ ಬಳಿಕ ಆಕ್ಷೇಪಣೆಗೆಂದು 30 ದಿನ ಕಾಯಲೇಬೇಕು. ಕೃತಿಯಲ್ಲಿ ಹಕ್ಕು ಹೇಳಬಲ್ಲ ಎಲ್ಲರಿಗೂ ತಿಳಿಸುವ ಹೊಣೆ ಅರ್ಜಿದಾರರದೇ. ಪ್ರಸಂಗ ಬರೆಸಿದ ಮೇಳದ ಯಜಮಾನರನ್ನು ಬಿಟ್ಟು ಅರ್ಜಿ ಹಾಕಿದರೆ ತಕರಾರು ಬರುವುದು ಇಲ್ಲೇ. ಆಮೇಲೆ ಪರೀಕ್ಷಕರ ಸರದಿ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಅಂಕ ಕೊಡುವುದಾದರೆ ಕಡಿಮೆ ಕೊಡಬೇಕಾದ್ದು ಇದಕ್ಕೇ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮಳೆಗಾಲದಲ್ಲೇ ಅರ್ಜಿ ಹಾಕಿಬಿಡುವುದು ಜಾಣತನ.

ಇಷ್ಟೆಲ್ಲ ಮಾಡಿ ಸಿಗುವ ಸರ್ಟಿಫಿಕೇಟಿನ ಬೆಲೆ ಏನು? ಹಕ್ಕು ಹುಟ್ಟುವುದು ಅದರಿಂದಲ್ಲ. ಬರೆದ ಕ್ಷಣದಲ್ಲೇ ಹುಟ್ಟಿದೆ. ಕಾಯ್ದೆಯ 48ನೇ ಕಲಮಿನ ಪ್ರಕಾರ ಈ ದಾಖಲೆ ಮೇಲ್ನೋಟದ ಸಾಕ್ಷ್ಯ: ಕೋರ್ಟಿನಲ್ಲಿ ‘ಇದು ನನ್ನದಲ್ಲ ಎಂದು ನೀನು ತೋರಿಸು’ ಎನ್ನುವ ಜಾಗದಲ್ಲಿ ನಿಮ್ಮನ್ನು ನಿಲ್ಲಿಸುತ್ತದೆ. ಪ್ರಸಂಗಕರ್ತರ ಹೆಸರೇ ಇಲ್ಲದೆ ಪದ್ಯಗಳು ಕೈಯಿಂದ ಕೈಗೆ ಫೋಟೋಪ್ರತಿಯಾಗಿ ಹೋಗುವ ನಮ್ಮ ಊರಲ್ಲಿ 500 ರೂಪಾಯಿಗೆ ಇದು ದೊಡ್ಡ ಸಂಗತಿ.

ಗಡಿ ದಾಟಿದ ಮೇಲೂ ಹಕ್ಕು ಜೊತೆಗೆ ಬರುತ್ತದೆ, ಅದಕ್ಕೆ ಕಾರಣ ಸರ್ಟಿಫಿಕೇಟ್ ಅಲ್ಲ, 1886ರ ಬರ್ನ್ ಒಡಂಬಡಿಕೆ. ಸದಸ್ಯ ದೇಶಗಳು ಒಂದರ ಲೇಖಕರನ್ನು ಇನ್ನೊಂದು ತನ್ನವರಂತೆಯೇ ಕಾಣಬೇಕು, ನೋಂದಣಿಯನ್ನು ಷರತ್ತಾಗಿ ಹೇರಬಾರದು ಎಂಬುದು ಅದರ ಜೀವ. ಭಾರತ 1928ರಿಂದ ಅದರಲ್ಲಿದೆ. ನಮ್ಮ ಮೇಳ, ತಂಡಗಳು ಹೋಗುವ ಯುಎಇ, ಬಹ್ರೈನ್, ಕತಾರ್, ಕುವೈತ್, ಒಮಾನ್ ಕೂಡ ಇವೆ. ‘ಅಂತಾರಾಷ್ಟ್ರೀಯ ಕಾಪಿರೈಟ್ ಮಾಡಿಸಿಕೊಡುತ್ತೇವೆ’ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ, ಅಂಥ ಒಂದು ನೋಂದಣಿ ಪ್ರಪಂಚದಲ್ಲೇ ಇಲ್ಲ.

ಏನೆಲ್ಲ ಇದರೊಳಗೆ ಬರುವುದಿಲ್ಲ ಎಂಬುದೂ ಗೊತ್ತಿರಲಿ. ಬರೀ ಶೀರ್ಷಿಕೆಗೆ ಕಾಪಿರೈಟ್ ಇಲ್ಲವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಪ್ರಸಂಗದ ಹೆಸರನ್ನು ಇನ್ನೊಬ್ಬರು ಇಟ್ಟರೆ ತಡೆಯಲಾಗದು. ತೆಂಕು, ಬಡಗು ಶೈಲಿಗಳ ಹೆಜ್ಜೆ, ಪರಂಪರೆಯ ಹಾಡಿನ ಮಟ್ಟು, ಬಣ್ಣದ ವೇಷದ ಮುಖಕ್ಕಿಡುವ ಚಿಟ್ಟಿ ಯಾರೊಬ್ಬರ ಸೊತ್ತೂ ಅಲ್ಲ. ಇಂಥ ಜನಪದ ಅಭಿವ್ಯಕ್ತಿಗಳಿಗೆ ರಕ್ಷಣೆ ಬೇಕೆಂದು ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ ಸಮಿತಿ 2000ದಿಂದ ಚರ್ಚಿಸುತ್ತಿದೆ. ಅದರಿಂದ 2024ರಲ್ಲಿ ಹೊರಬಂದ ಒಪ್ಪಂದ ತಳಿ ಸಂಪನ್ಮೂಲಕ್ಕೆ ಮತ್ತು ಅದಕ್ಕೆ ಸೇರಿದ ಸಾಂಪ್ರದಾಯಿಕ ಜ್ಞಾನಕ್ಕೆ ಸೀಮಿತ, ಕಲೆಗೆ ಇಲ್ಲ.

ಬರೆದ ಪದ್ಯ ಬೇರೆ, ಸಂಯೋಜಿಸಿದ ನೃತ್ಯ ಮತ್ತು ರಂಗಕ್ರಮ ಬೇರೆ. ಮೊದಲನೆಯದು ಸಾಹಿತ್ಯ ಕೃತಿ, ಎರಡನೆಯದು ನಾಟಕ ಕೃತಿ. ಈ ಭೇದ ಎಷ್ಟು ದೊಡ್ಡದೆಂಬುದನ್ನು ನಮ್ಮದೇ ಜಿಲ್ಲೆಯ ವ್ಯಾಜ್ಯ ತೋರಿಸಿದೆ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕಿನ ಪ್ರಶ್ನೆ ಉಡುಪಿಯ ಜಿಲ್ಲಾ ನ್ಯಾಯಾಲಯದಿಂದ ಹೊರಟು 2009ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಉಯಿಲಿನಲ್ಲಿ ಬರೆದ ಮಾತು ಸಾಹಿತ್ಯ ಕೃತಿಗೆ ಮಾತ್ರವೋ ನಾಟಕ ಕೃತಿಗೂ ಸೇರುತ್ತದೋ ಎಂಬುದನ್ನು ಅಲ್ಲಿ ಬಿಡಿಸಿ ನೋಡಬೇಕಾಯಿತು. ಹೊಸ ರಂಗಕ್ರಮ ನಿಜಕ್ಕೂ ನಿಮ್ಮದೇ ಆದರೆ, ಅದನ್ನು ಬರೆದೋ ಚಿತ್ರಿಸಿಯೋ ಇಟ್ಟು, ಎರಡು ಅರ್ಜಿ ಹಾಕಿ. ಇನ್ನೂ 500 ರೂಪಾಯಿ ಹೋಗುತ್ತದೆ, ಹೋಗಲಿ.

ಇನ್ನು ಕಲಾವಿದರ ವಿಚಾರ. ನಮಗೆ ಮುಖ್ಯ ಇದೇ. ಕಾಯ್ದೆಯಲ್ಲಿ ‘ಪ್ರದರ್ಶಕ’ ಎಂದರೆ ನಟ, ಗಾಯಕ, ವಾದಕ, ನರ್ತಕ, ಹಾವಾಡಿಗ, ಉಪನ್ಯಾಸ ಕೊಡುವವರು, ಕೊನೆಗೆ ಪ್ರದರ್ಶನ ಮಾಡುವ ಯಾರೇ ಆಗಲಿ. ಭಾಗವತರೂ ಅರ್ಥಧಾರಿಯೂ ಇದರಲ್ಲಿ ಬರುತ್ತಾರೆ. ಹಕ್ಕಿನ ಅವಧಿ 50 ವರ್ಷ. ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವಂತಿಲ್ಲ, ಪ್ರಸಾರ ಮಾಡುವಂತಿಲ್ಲ. 2012ರ ತಿದ್ದುಪಡಿಯ ಬಳಿಕ ಹೆಸರು ಹಾಕಿಸಿಕೊಳ್ಳುವ, ಮಾನಕ್ಕೆ ಕುಂದು ಬರುವಂತೆ ತಿರುಚಿದರೆ ತಡೆಯುವ ಹಕ್ಕೂ ಇದೆ. ಇಷ್ಟಿದ್ದೂ ನೋಂದಣಿ ಪುಸ್ತಕದಲ್ಲಿ ಪ್ರದರ್ಶನಕ್ಕೆ ಜಾಗವಿಲ್ಲ, ಏಕೆಂದರೆ ಅಲ್ಲಿ ದಾಖಲಾಗುವುದು ‘ಕೃತಿ’ ಮಾತ್ರ.

ಹೊರದೇಶಕ್ಕೆ ಹೋದರೆ ಕಥೆ ಇನ್ನೂ ತೆಳು. ಕಲಾವಿದರ ಹಕ್ಕಿನ ಮೊದಲ ದೊಡ್ಡ ಒಪ್ಪಂದ 1961ರ ರೋಮ್‌ನದು. ಭಾರತ ಸಹಿ ಹಾಕಿತು, ಅನುಮೋದಿಸಲಿಲ್ಲ. 1996ರಲ್ಲಿ ಜಿನೀವಾದಲ್ಲಿ ಆದ ಪ್ರದರ್ಶನ ಮತ್ತು ಧ್ವನಿಮುದ್ರಣ ಒಪ್ಪಂದಕ್ಕೆ 2018ರಲ್ಲಿ ಸೇರಿತು. ಆದರೆ ಒಮ್ಮೆ ಮುದ್ರಣವಾದ ಮೇಲೆ ಅದು ಕಾಯುವುದು ಧ್ವನಿಯನ್ನು ಮಾತ್ರ. ವೇಷ, ಕುಣಿತವಿಲ್ಲದ ತಾಳಮದ್ದಳೆಯ ಆಡಿಯೋ ಅದರ ನೆರಳಿಗೆ ಬರುತ್ತದೆ, ಆಟದ ವಿಡಿಯೋ ಬರುವುದಿಲ್ಲ. ವಿಡಿಯೋಗೆಂದೇ ಆದದ್ದು 2012ರ ಬೀಜಿಂಗ್ ಒಪ್ಪಂದ. 2020ರ ಏಪ್ರಿಲ್ 28ರಿಂದ ಅದು ಜಾರಿಯಲ್ಲಿದೆ, ಯುಎಇ ಕೂಡ ಸೇರಿದೆ, ಭಾರತ ಸೇರಿಲ್ಲ. ಹಾಗಾಗಿ ದುಬೈಯಲ್ಲಿ ಚಿತ್ರೀಕರಿಸಿದ ಆಟದ ಬಗ್ಗೆ ವೇಷಧಾರಿಗೆ ಅಲ್ಲಿ ಒಪ್ಪಂದದ ಬಲವಿಲ್ಲ. ಅಲ್ಲಿನ ಕಾನೂನು ತಾನಾಗಿ ಕೊಟ್ಟಷ್ಟೇ. ಇಡೀ ಕಲೆಯೇ ವಿಡಿಯೋ ಆಗಿ ಲೋಕ ಸುತ್ತುತ್ತಿರುವಾಗ ಭಾರತ ಹೊರಗೆ ನಿಂತಿರುವುದು ಸರಿಯಲ್ಲ. ಇಲ್ಲಿನ ಸಂಸದರಿಗೆ, ಅಕಾಡೆಮಿಗಳಿಗೆ ಕಲಾವಿದರ ಸಂಘಟನೆಗಳು ಮನವಿ ಕೊಡಬೇಕಾದ ವಿಷಯ ಇದು.

ಅಲ್ಲಿಯವರೆಗೆ ಕಾಗದವೇ ಗತಿ. ಚೌಕಿಯಲ್ಲಿ ಮುಖಕ್ಕೆ ಬಣ್ಣ ಹಚ್ಚುತ್ತಿರುವಾಗ ಬಂದ ಕಾಗದಕ್ಕೆ ಸಹಿ ಹಾಕಬೇಡಿ. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು 19ನೇ ಕಲಮು ಹೇಳುತ್ತದೆ. ಪ್ರದರ್ಶಕರ ಹಕ್ಕಿಗೂ ಅದು ಅನ್ವಯ. ಒಂದು ವಿಷಯ ಚೆನ್ನಾಗಿ ಗಮನಿಸಿ: ಚಿತ್ರೀಕರಣಕ್ಕೆ ಲಿಖಿತ ಒಪ್ಪಿಗೆ ಕೊಟ್ಟ ಮೇಲೆ ನಿರ್ಮಾಪಕರನ್ನು ತಡೆಯುವ ಅವಕಾಶ ಹೋಗುತ್ತದೆ, ವಾಣಿಜ್ಯ ಬಳಕೆಯಾದರೆ ರಾಯಧನ ಕೇಳುವ ಹಕ್ಕು ಉಳಿಯುತ್ತದೆ. ಎಷ್ಟು ಎಂಬುದು ಬರೆದಿರದಿದ್ದರೆ ವಸೂಲಿ ಕಷ್ಟ. ಒಪ್ಪಂದದ ಕಾಗದದಲ್ಲಿ ಇಷ್ಟು ಬರೆದರೆ ಸಾಕು:

‘ಈ ದಿನದ ಪ್ರದರ್ಶನದ ದೃಶ್ಯ ಹಾಗೂ ಧ್ವನಿ ಮುದ್ರಣವನ್ನು ಆನ್‌ಲೈನ್ ವೇದಿಕೆಗಳಲ್ಲಿ ಜಗತ್ತಿನಾದ್ಯಂತ ಮೂರು ವರ್ಷ ಪ್ರಸಾರ ಮಾಡಲು ಒಪ್ಪಿದ್ದೇನೆ. ಜಾಹೀರಾತು ಆದಾಯದ ಶೇಕಡಾ ಇಂತಿಷ್ಟನ್ನು ಆರು ತಿಂಗಳಿಗೊಮ್ಮೆ ಲೆಕ್ಕಸಹಿತ ಕೊಡತಕ್ಕದ್ದು. ಹಿಮ್ಮೇಳ ಮುಮ್ಮೇಳದ ಎಲ್ಲರ ಹೆಸರು ವಿವರಣೆಯಲ್ಲಿ ಇರತಕ್ಕದ್ದು. ತುಣುಕು ಕತ್ತರಿಸಿ ಬೇರೆ ಹಾಡು ಜೋಡಿಸಬಾರದು.’

ಕದ್ದು ಹಾಕಿದ ವಿಡಿಯೋ ತೆಗೆಸಲು ಯೂಟ್ಯೂಬ್ ಸರ್ಟಿಫಿಕೇಟ್ ಕೇಳುವುದಿಲ್ಲ. ಹಕ್ಕುದಾರರ ಲಿಖಿತ ದೂರು ಸಾಕು. ಎದುರಿನವರು ಮರುದೂರು ಕೊಟ್ಟರೆ 10 ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋದ ದಾಖಲೆ ತೋರಿಸಬೇಕು, ಆಗ ಸರ್ಟಿಫಿಕೇಟ್ ಕೈಯಲ್ಲಿದ್ದರೆ ವಕೀಲರ ಕೆಲಸ ಹಗುರ. ಭಾರತದ ನಿಯಮದಡಿ ನೋಟಿಸ್ ಕೊಟ್ಟರೆ ಜಾಲತಾಣ 36 ಗಂಟೆಯೊಳಗೆ ಅದನ್ನು ಕೆಳಗಿಳಿಸಬೇಕು. 21 ದಿನದಲ್ಲಿ ಕೋರ್ಟಿನ ಆದೇಶ ತರದಿದ್ದರೆ ಮತ್ತೆ ಹಾಕಬಹುದು.

ಹವ್ಯಾಸಿ ಸಂಘಗಳು ಹೆದರಬೇಕಾಗಿಲ್ಲ. ಟಿಕೆಟ್ ಇಲ್ಲದ ಸಭೆಗೆ ಅಥವಾ ಧಾರ್ಮಿಕ ಸಂಸ್ಥೆಯ ನೆರವಿಗಾಗಿ ಹವ್ಯಾಸಿ ಸಂಘ ಆಡುವ ಪ್ರದರ್ಶನಕ್ಕೆ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ದೇವಸ್ಥಾನದ ಜಾತ್ರೆಯ ಆಟಕ್ಕೆ ಪ್ರಸಂಗಕರ್ತರ ಅನುಮತಿ ಕಾನೂನಿನಲ್ಲಿ ಕಡ್ಡಾಯವಲ್ಲ, ಕೇಳುವುದು ಮರ್ಯಾದೆ. ವೃತ್ತಿಪರ ಮೇಳಕ್ಕೆ ಈ ವಿನಾಯಿತಿ ಸಿಗದು, ಹರಕೆ ಆಟವಾದರೂ. ಸಂಘದ ಆಟವನ್ನು ಚಿತ್ರೀಕರಿಸಿ ಚಾನೆಲಿಗೆ ಏರಿಸಿದರೆ ವಿನಾಯಿತಿ ರಂಗಸ್ಥಳದಲ್ಲೇ ಮುಗಿಯಿತು; ಅದಕ್ಕೆ ಪ್ರಸಂಗಕರ್ತರದೂ ಕಲಾವಿದರದೂ ಒಪ್ಪಿಗೆ ಬೇರೆಯೇ ಬೇಕು.