ಬಾಗಲಕೋಟೆಯ ರಸ್ತೆಗಳಿಗೆ ಬ್ರೆಝಾ ಎಷ್ಟು ಒಗ್ಗುತ್ತದೆ?

ಮಾರುತಿ ಸುಜುಕಿ ಬ್ರೆಝಾದ ಉದ್ದ 3,995 ಮಿಲಿಮೀಟರ್. ನಾಲ್ಕು ಮೀಟರಿಗೆ ಬರೀ ಐದು ಮಿಲಿಮೀಟರ್ ಕಡಿಮೆಯಿರುವ ಈ ಅಳತೆಯ ಮೂಲ 2006ರ ಕೇಂದ್ರ ಬಜೆಟ್ಟಿನಲ್ಲಿದೆ. ನಾಲ್ಕು ಮೀಟರಿನೊಳಗಿದ್ದು, 1,200 ಸಿಸಿ ಮೀರದ ಪೆಟ್ರೋಲ್ ಅಥವಾ 1,500 ಸಿಸಿ ಮೀರದ ಡೀಸೆಲ್ ಎಂಜಿನ್ ಹೊಂದಿದ ಕಾರುಗಳಿಗೆ ಆಗ ಕೇಂದ್ರ ಅಬಕಾರಿ ಸುಂಕದಲ್ಲಿ ರಿಯಾಯಿತಿ ದೊರೆಯಿತು. ಜಿಎಸ್‌ಟಿ ಬಂದ ಮೇಲೂ ಆ ಗೆರೆ ಹಾಗೆಯೇ ಉಳಿಯಿತು. ವಿಚಿತ್ರವೆಂದರೆ, ಈಗಿನ ಬ್ರೆಝಾದ ಪೆಟ್ರೋಲ್ ಎಂಜಿನ್ 1,462 ಸಿಸಿಯದು. ಹೀಗಾಗಿ 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಮೇಲಿನ ತೆರಿಗೆ ಶೇ. 18ಕ್ಕೆ ಇಳಿದಾಗ ಈ ಗಾಡಿ ಶೇ. 40ರ ಸಾಲಿಗೆ ಸೇರಿತು. ಕೊಳ್ಳುವವನು ಗಿಡ್ಡ ಗಾಡಿಯ ಇಕ್ಕಟ್ಟನ್ನೂ ಅನುಭವಿಸಬೇಕು, ದೊಡ್ಡ ಗಾಡಿಯ ತೆರಿಗೆಯನ್ನೂ ಕಟ್ಟಬೇಕು. ಇಷ್ಟಾದರೂ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಹೆಜ್ಜೆಹೆಜ್ಜೆಗೂ ಬ್ರೆಝಾ ಕಾಣುತ್ತದೆ ಎಂದ ಮೇಲೆ, ಅದರಲ್ಲಿ ಜನ ಏನನ್ನು ಮೆಚ್ಚಿದ್ದಾರೆ ಮತ್ತು ಆ ಮೆಚ್ಚುಗೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ತೂಗಿ ನೋಡುವುದು ಅಗತ್ಯ.

ನಮ್ಮ ಮನೆಯಲ್ಲಿರುವುದು 2022ರ ಜೂನ್ ಅಂತ್ಯದಲ್ಲಿ ಬಿಡುಗಡೆಯಾದ ಎರಡನೆಯ ಪೀಳಿಗೆಯ, ಕೈಯಿಂದ ಗೇರು ಹಾಕುವ ಪೆಟ್ರೋಲ್ ಗಾಡಿ. ವಾಸ ಬಾಗಲಕೋಟೆಯ ನವನಗರದಲ್ಲಿ. ಓಡಾಟ ಹೆಚ್ಚಾಗಿ ವಿಜಯಪುರ, ಬೆಳಗಾವಿ, ಹುಬ್ಬಳ್ಳಿಗಳಿಗೆ ಮತ್ತು ಹೊಲದ ಕಡೆಗೆ.

ಈ ಗಾಡಿಯ ಮೊದಲ ಗುಣ ಅದರ ಎತ್ತರ. ನೆಲದಿಂದ 198 ಮಿಲಿಮೀಟರ್ ಅಂತರವಿರುವುದರಿಂದ, ಹಳ್ಳಿ ಬಂದಾಗಲೆಲ್ಲ ಬಣ್ಣವೂ ಇಲ್ಲದೆ, ಫಲಕವೂ ಇಲ್ಲದೆ ಎದುರಾಗುವ ನಮ್ಮ ಭಾಗದ ಹಂಪುಗಳು ಐದು ಜನ ಕುಳಿತಾಗಲೂ ಅದರ ಹೊಟ್ಟೆಗೆ ತಾಗುವುದಿಲ್ಲ. ಎತ್ತರದ ಪ್ರಯೋಜನ ಅಷ್ಟಕ್ಕೇ ಮುಗಿಯುವುದಿಲ್ಲ. ಸೀಟು ಸಹಜವಾಗಿ ಸೊಂಟದ ಮಟ್ಟಕ್ಕೆ ಬರುವುದರಿಂದ ಮೊಣಕಾಲು ನೋವಿರುವ ಹಿರಿಯರು ಬಗ್ಗದೆ ಕೂರುತ್ತಾರೆ, ಯಾರ ಕೈಯನ್ನೂ ಹಿಡಿಯದೆ ಇಳಿಯುತ್ತಾರೆ. ನಮ್ಮ ಅವ್ವ ಹಳೆಯ ಸಣ್ಣ ಕಾರಿನಲ್ಲಿ ಬದಾಮಿಯ ಬನಶಂಕರಿಗೆ ಬರಲು ಒಲ್ಲೆ ಎನ್ನುತ್ತಿದ್ದವರು ಈಗ ತಾವೇ ಹೊರಡಿಸುತ್ತಾರೆ. ಕಂಪನಿಯ ಜಾಹೀರಾತುಗಳಲ್ಲಿ ಎಲ್ಲಿಯೂ ಕಾಣದ ಈ ಗುಣಕ್ಕೆ ನನ್ನ ಲೆಕ್ಕದಲ್ಲಿ ಸನ್‌ರೂಫಿಗಿಂತ, ಗಾಜಿನ ಮೇಲೆ ವೇಗ ತೋರಿಸುವ ಪರದೆಗಿಂತ ಹೆಚ್ಚಿನ ಬೆಲೆಯಿದೆ.

ಸಸ್ಪೆನ್ಶನ್ ಮೆತ್ತಗೂ ಅಲ್ಲ, ಗಡುಸೂ ಅಲ್ಲ. 215/60 ಆರ್16 ಅಳತೆಯ ಟಯರಿನ ಪಕ್ಕೆ ದಪ್ಪವಾಗಿರುವುದರಿಂದ ಕಿತ್ತುಹೋದ ಡಾಂಬರಿನ ಅಂಚು, ಸಣ್ಣ ತಗ್ಗುಗಳ ಪೆಟ್ಟು ಒಳಗಿನವರಿಗೆ ಅಷ್ಟಾಗಿ ತಾಗುವುದಿಲ್ಲ. ನೋಟಕ್ಕಾಗಿ ದೊಡ್ಡ ಗಾಲಿ, ತೆಳು ಟಯರು ಹಾಕಿಸುವವರು ಈ ಗುಣವನ್ನು ತಾವೇ ಕಳೆದುಕೊಳ್ಳುತ್ತಾರೆ. ಸ್ಟೇರಿಂಗ್ ಊರೊಳಗೆ ಹಗುರ. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರದ ಅಗಲವಾದ ಸೆಕ್ಟರ್ ರಸ್ತೆಗಳಲ್ಲಿ ಯಾವ ಗಾಡಿಯಾದರೂ ಸಲೀಸಾಗಿ ತಿರುಗುತ್ತದೆ. ನಿಜವಾದ ಪರೀಕ್ಷೆ ಇರುವುದು ಹಳೆ ಊರಿನ ಪೇಟೆಯ ಓಣಿಗಳಲ್ಲಿ. 1,790 ಮಿಲಿಮೀಟರ್ ಅಗಲದ ಬ್ರೆಝಾ ಅಲ್ಲಿಯೂ ನುಸುಳುತ್ತದೆ, ಏಕೆಂದರೆ ಬಾನೆಟ್ಟಿನ ಎರಡೂ ಅಂಚುಗಳು ಕೂತಲ್ಲಿಂದಲೇ ಕಣ್ಣಿಗೆ ಬೀಳುತ್ತವೆ. ಹೊಸದಾಗಿ ಕಲಿತವರಿಗೆ ಇದೊಂದು ದೊಡ್ಡ ಧೈರ್ಯ.

ಇನ್ನು ಎಂಜಿನ್ನಿನ ಮಾತು. ಈ ಗಾಡಿಯ ಬಗ್ಗೆ ಭಿನ್ನಾಭಿಪ್ರಾಯ ಹುಟ್ಟುವುದೇ ಇಲ್ಲಿ, ಮತ್ತು ಹುಟ್ಟಬೇಕಾದದ್ದೂ ಇಲ್ಲಿಯೇ. ನಾಲ್ಕು ಸಿಲಿಂಡರಿನ, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಎಳೆತ ಹೆಚ್ಚಿಸುವ ಸಾಧನ) ಇಲ್ಲದ ಈ ಎಂಜಿನ್ನಿನ ಶಕ್ತಿ 103 ಪಿಎಸ್, ಎಳೆತ 136.8 ನ್ಯೂಟನ್ ಮೀಟರ್. ಕಾಗದದ ಮೇಲೆ ಸಾಕೆನಿಸುವ ಈ ಅಂಕಿಗಳಲ್ಲಿ ಗಮನಿಸಬೇಕಾದದ್ದು, ಆ ಪೂರ್ಣ ಎಳೆತ ಕೈಗೆ ಸಿಗುವುದು ಎಂಜಿನ್ ನಿಮಿಷಕ್ಕೆ 4,400 ಸುತ್ತುಗಳಿಗೆ ಏರಿದ ಮೇಲೆ ಎಂಬುದು. ಊರೊಳಗೆ ಇದರಿಂದ ತೊಂದರೆಯಿಲ್ಲ. ಎಂಜಿನ್ ನಯವಾಗಿ, ಸದ್ದಿಲ್ಲದೆ ಓಡುತ್ತದೆ, ಎರಡನೆಯ ಗೇರಿನಲ್ಲಿಯೇ ಅರ್ಧ ಪೇಟೆ ಸುತ್ತಿ ಬರಬಹುದು, ಕ್ಲಚ್ಚು ಕಾಲನ್ನು ದಣಿಸುವುದಿಲ್ಲ. ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವ ನಾಲ್ಕು ಪಥದ ಹೆದ್ದಾರಿಯಲ್ಲಿಯೂ ತೊಂದರೆಯಿಲ್ಲ. ಒಂದು ವೇಗ ಹಿಡಿದು ಬಿಟ್ಟರೆ ದಣಿವಿಲ್ಲದೆ ಸಾಗುತ್ತದೆ. ಆದರೆ ಬಾಗಲಕೋಟೆಯಿಂದ ಕಲಾದಗಿ, ಲೋಕಾಪುರ, ಯರಗಟ್ಟಿಯ ಮೇಲೆ ಬೆಳಗಾವಿಗೆ ಹೋಗುವ ರಾಯಚೂರು–ಬಾಚಿ ರಾಜ್ಯ ಹೆದ್ದಾರಿಯ ಕಥೆಯೇ ಬೇರೆ.

ಕಬ್ಬು ನುರಿಸುವ ಹಂಗಾಮಿನಲ್ಲಿ ಆ ರಸ್ತೆ ಹಿಡಿದವರಿಗೆ ವಿವರಿಸಬೇಕಾಗಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು ಹೊರೆಯ ಭಾರಕ್ಕೆ ಓಲಾಡುತ್ತ, ಅರ್ಧ ರಸ್ತೆಯನ್ನು ತನ್ನದಾಗಿಸಿಕೊಂಡು, ಎಷ್ಟೋ ಸಲ ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಸಾಗುತ್ತಿರುತ್ತದೆ. ಅದನ್ನು ದಾಟಲು ಸಿಗುವ ಅವಕಾಶ ಕೆಲವೇ ಕ್ಷಣಗಳದ್ದು. ಗಾಡಿಯಲ್ಲಿ ಐದು ಜನ, ಡಿಕ್ಕಿಯ ತುಂಬ ಸಾಮಾನು, ಎಸಿ ಬೇರೆ ಓಡುತ್ತಿದ್ದರೆ ಬ್ರೆಝಾ ನಾಲ್ಕನೆಯ ಗೇರಿನಲ್ಲಿ ಆ ಅವಕಾಶವನ್ನು ಹಿಡಿಯಲಾರದು. ಮೂರಕ್ಕೆ, ಕೆಲವೊಮ್ಮೆ ಎರಡಕ್ಕೇ ಇಳಿಸಿ, ಎಂಜಿನ್ ಅರಚುವಂತೆ ಒತ್ತಿದರೆ ಮಾತ್ರ ಮುಂದೆ ನುಗ್ಗುತ್ತದೆ. ಇದನ್ನು ದೋಷ ಎನ್ನುವುದಕ್ಕಿಂತ ಟರ್ಬೊ ಇಲ್ಲದ ಎಂಜಿನ್ನಿನ ಸ್ವಭಾವ ಎನ್ನಬೇಕು. ಇದೇ ದರ್ಜೆಯ ಡೀಸೆಲ್ ಗಾಡಿಗಳ ಪಕ್ಕದಲ್ಲಿಟ್ಟಾಗ ಮಾತ್ರ ಈ ಸ್ವಭಾವ ಕೊರತೆಯಾಗಿ ಕಾಣುತ್ತದೆ. ಟಾಟಾ ನೆಕ್ಸಾನಿನ ಡೀಸೆಲ್ ಎಂಜಿನ್ 260 ನ್ಯೂಟನ್ ಮೀಟರ್ ಎಳೆತವನ್ನು 1,500 ಸುತ್ತುಗಳಿಂದಲೇ ಕೊಡುತ್ತದೆ. ಕಿಯಾ ಸೋನೆಟ್ಟಿನದು 250, ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್‌ಒ ಡೀಸೆಲ್‌ನದು 300. ಅವುಗಳಲ್ಲಿ ಗೇರು ಇಳಿಸುವ ಗೋಜಿಲ್ಲದೆ ಪೆಡಲ್ ಒತ್ತಿದರೆ ಟ್ರ್ಯಾಕ್ಟರು ಹಿಂದೆ ಬೀಳುತ್ತದೆ. ಮೇಲಾಗಿ ಅವುಗಳಿಗೆ ಆರು ಗೇರುಗಳಿವೆ. ಬ್ರೆಝಾದ ಮ್ಯಾನ್ಯುವಲ್ ಮಾದರಿಗೆ ಐದೇ. ಆ ಡೀಸೆಲ್ ಗಾಡಿಗಳೆಲ್ಲ 1,500 ಸಿಸಿಯ ಮಿತಿಯೊಳಗೇ ಇರುವುದರಿಂದ ತೆರಿಗೆಯಲ್ಲಿಯೂ ಶೇ. 18ರ ಸಾಲಿಗೆ ಸೇರಿವೆ.

ಹಾಗಾದರೆ ಎಲ್ಲರೂ ಡೀಸೆಲ್ಲನ್ನೇ ಕೊಳ್ಳಬೇಕೆ? ನನ್ನ ಅಭಿಪ್ರಾಯದಲ್ಲಿ ಇಲ್ಲ. ದಿನವೂ ಜಿಲ್ಲೆ ದಾಟುವ ವ್ಯಾಪಾರಸ್ಥರು, ದ್ರಾಕ್ಷಿ–ದಾಳಿಂಬೆಯ ವ್ಯವಹಾರಕ್ಕೆ ಸೊಲ್ಲಾಪುರ, ಸಾಂಗ್ಲಿ ಸುತ್ತುವವರು ಡೀಸೆಲ್ ಗಾಡಿಯತ್ತಲೇ ನೋಡುವುದು ವಿವೇಕ. ಆದರೆ ವಾರವೆಲ್ಲ ಮನೆಯಿಂದ ಶಾಲೆ, ಶಾಲೆಯಿಂದ ಕಚೇರಿ ಎಂದು ಎರಡು-ಮೂರು ಕಿಲೋಮೀಟರ್ ಓಡುವ ಗಾಡಿಗೆ ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್ ಎಂಜಿನ್ ಹೊಂದುವುದಿಲ್ಲ. ಅದರ ಹೊಗೆಕೊಳವೆಯಲ್ಲಿರುವ ಮಸಿ ಸೋಸುವ ಫಿಲ್ಟರು ತಾನಾಗಿ ಶುದ್ಧವಾಗಬೇಕಾದರೆ ಆಗಾಗ ಹೆದ್ದಾರಿಯ ವೇಗದಲ್ಲಿ ಒಂದಷ್ಟು ಹೊತ್ತು ಓಡಲೇಬೇಕು. ಇಲ್ಲವಾದರೆ ಎಚ್ಚರಿಕೆಯ ದೀಪ ಹೊತ್ತಿಕೊಂಡು ವರ್ಕ್‌ಶಾಪಿನ ದಾರಿ ಹಿಡಿಯಬೇಕಾಗುತ್ತದೆ. ಇಂಥವರಿಗೆ ಟರ್ಬೊ ಇಲ್ಲದ, ನೇರ ಇಂಜೆಕ್ಷನ್ನಿನ ಜಟಿಲತೆಯೂ ಇಲ್ಲದ ಬ್ರೆಝಾದ ಸರಳ ಎಂಜಿನ್ ಹೆಚ್ಚು ಕ್ಷೇಮ. ಮೈಲೇಜು ನಮಗೆ ಊರೊಳಗೆ ಲೀಟರಿಗೆ 13–14, ಹೆದ್ದಾರಿಯಲ್ಲಿ ಸಮಾಧಾನದಿಂದ ಓಡಿಸಿದರೆ 18ರ ಆಸುಪಾಸು ಬರುತ್ತದೆ. 48 ಲೀಟರಿನ ಟ್ಯಾಂಕು ತುಂಬಿಸಿದರೆ ಬಾಗಲಕೋಟೆಯಿಂದ ಬೆಂಗಳೂರಿಗೆ ಹೋಗುವವರೆಗೂ ಬಂಕಿನ ಚಿಂತೆಯಿಲ್ಲ. ಕಾಲಿನಲ್ಲಿ ಕ್ಲಚ್ಚು ಬೇಡವೆನ್ನುವವರಿಗೆ ಸಿಗುವ ಆರು ಗೇರಿನ ಆಟೊಮ್ಯಾಟಿಕ್ ಟಾರ್ಕ್ ಕನ್ವರ್ಟರ್ ಮಾದರಿಯದು. ಕಡಿಮೆ ಬೆಲೆಯ ಎಎಂಟಿಗಳಂತೆ (ಮ್ಯಾನ್ಯುವಲ್ ಗೇರನ್ನೇ ಯಂತ್ರ ತಾನಾಗಿ ಬದಲಿಸುವ ಬಗೆ) ಗೇರು ಬದಲಾದಾಗ ತಲೆ ತೂಗಿಸುವುದಿಲ್ಲ, ಬೆಲೆ ಮಾತ್ರ ಲಕ್ಷಕ್ಕೂ ಮಿಕ್ಕಿ ಹೆಚ್ಚುತ್ತದೆ.

2023ರ ಮಾರ್ಚ್‌ನಲ್ಲಿ ಬಂದ ಸಿಎನ್‌ಜಿ ಮಾದರಿಯ ಬಗ್ಗೆ ಬಹಳ ಜನ ಕೇಳುತ್ತಾರೆ. ಕಿಲೋಗೆ 25.51 ಕಿಲೋಮೀಟರ್ ಎಂಬುದು ಕಂಪನಿಯ ಹೇಳಿಕೆ. ಗ್ಯಾಸಿನ ಮೇಲೆ ಓಡುವಾಗ ಶಕ್ತಿ 87.8 ಪಿಎಸ್‌ಗೆ, ಎಳೆತ 121.5ಕ್ಕೆ ಇಳಿಯುತ್ತದೆ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಮೊದಲೇ ಏದುಸಿರು ಬಿಡುವ ಗಾಡಿಗೆ ಇದು ಇನ್ನಷ್ಟು ಭಾರ. ಸಿಲಿಂಡರ್ ಡಿಕ್ಕಿಯನ್ನೇ ನುಂಗುವುದರಿಂದ ಊರಿಂದ ಜೋಳದ ಚೀಲ ತರುವ ಮಾತೇ ಇಲ್ಲ. ಪಟ್ಟಣಗಳಾಚೆ ಸಿಎನ್‌ಜಿ ಬಂಕುಗಳು ವಿರಳವಾಗಿರುವವರೆಗೆ ಇದನ್ನು ನಮ್ಮ ಭಾಗದ ಕುಟುಂಬಗಳಿಗೆ ನಾನು ಶಿಫಾರಸು ಮಾಡಲಾರೆ.

ಪೆಟ್ರೋಲ್ ಗಾಡಿಯಲ್ಲಿಯೂ ಡಿಕ್ಕಿ ಧಾರಾಳವಾದುದೇನಲ್ಲ. ಬ್ರೆಝಾದ್ದು 328 ಲೀಟರ್, ನೆಕ್ಸಾನಿನದು 382. ಹಿಂದಿನ ಸೀಟಿನಲ್ಲಿ ಇಬ್ಬರು ಕಾಲು ಚಾಚಿ ಕೂರಬಹುದು, ಮೂವರು ಭುಜಕ್ಕೆ ಭುಜ ತಾಗಿಸಿ ಕೂರಬೇಕು. ತುಳಜಾಪುರ, ಪಂಢರಪುರಕ್ಕೆ ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಹೊರಡುವ ರೂಢಿಯಿರುವವರು ಇದನ್ನು ಐದು ಜನರ ಗಾಡಿಯೆಂದು ಎಣಿಸದೆ ನಾಲ್ವರು ದೊಡ್ಡವರು ಮತ್ತು ಒಂದು ಮಗುವಿನ ಗಾಡಿಯೆಂದು ತಿಳಿದುಕೊಂಡೇ ಕೊಳ್ಳಬೇಕು.

ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮಲ್ಲಿ ಎಸಿಯ ಕೆಲಸ ಸಣ್ಣದಲ್ಲ. ಬ್ರೆಝಾದ ಎಸಿ ಮುಂದಿನವರನ್ನು ಬೇಗ ತಣಿಸುತ್ತದೆ. ಹಿಂದಿನವರಿಗೂ ಗಾಳಿ ಬಿಡುವ ಕಿಂಡಿಗಳು ಇರುವ ಮಾದರಿಯನ್ನೇ ನೋಡಿ ಕೊಳ್ಳುವುದು ಒಳ್ಳೆಯದು. ಸನ್‌ರೂಫಿನ ವಿಷಯದಲ್ಲಿ ಮಕ್ಕಳ ಹಟವೊಂದನ್ನು ಬಿಟ್ಟರೆ ಬೇರೆ ಕಾರಣ ನನಗೆ ಸಿಕ್ಕಿಲ್ಲ. ಬೇಸಿಗೆಯಲ್ಲಿ ಬಿಸಿಲು, ಸುಗ್ಗಿಯಲ್ಲಿ ಧೂಳು, ಮಳೆಗಾಲದಲ್ಲಿ ಮಳೆ. ಅದನ್ನು ತೆರೆಯುವ ಹದವಾದ ದಿನಗಳು ನಮ್ಮ ವರ್ಷದಲ್ಲಿ ಹೆಚ್ಚಿಲ್ಲ.

ಎಸ್‌ಯುವಿ ಎಂಬ ಹೆಸರನ್ನು ನಂಬಿ ಎರಿ ಹೊಲಕ್ಕೆ ಇಳಿಸುವವರಿಗೊಂದು ಮಾತು. ಈ ಗಾಡಿಯಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಎರಡು ಗಾಲಿಗಳಿಗೆ ಮಾತ್ರ. ಮಳೆ ಬಿದ್ದ ಮೇಲೆ ಎರಿ ಮಣ್ಣು ಟಯರಿನ ಗೆರೆಗಳನ್ನೆಲ್ಲ ತುಂಬಿಕೊಂಡು ಅದನ್ನು ನುಣುಪು ಉರುಳೆ ಮಾಡಿಬಿಡುತ್ತದೆ. ಆಗ 198 ಮಿಲಿಮೀಟರ್ ಎತ್ತರವಿದ್ದೂ ಉಪಯೋಗವಿಲ್ಲ, ಟ್ರ್ಯಾಕ್ಟರನ್ನೇ ಕರೆಯಬೇಕು. ಒಣ ಗಾಡಿದಾರಿಯಲ್ಲಿ ಮಾತ್ರ ಯಾವ ಅಳುಕಿಲ್ಲದೆ ಹೋಗಿಬರಬಹುದು.

ಸುರಕ್ಷತೆಯ ವಿಷಯದಲ್ಲಿ ಹಳೆಯ ಖ್ಯಾತಿಯನ್ನು ಹೊಸ ಗಾಡಿಗೆ ಅಂಟಿಸಬಾರದು. 2018ರಲ್ಲಿ ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ನಾಲ್ಕು ನಕ್ಷತ್ರ, ಮಕ್ಕಳ ರಕ್ಷಣೆಗೆ ಎರಡು ನಕ್ಷತ್ರ ಪಡೆದದ್ದು ಮೊದಲ ಪೀಳಿಗೆಯ ವಿಟಾರಾ ಬ್ರೆಝಾ. ಅದೇ ವರ್ಷ ಐದು ನಕ್ಷತ್ರ ಪಡೆದ ನೆಕ್ಸಾನ್, 2024ರಲ್ಲಿ ಪರಿಷ್ಕೃತ ರೂಪದಲ್ಲಿ ಮತ್ತೆ ಪರೀಕ್ಷೆಗೊಳಗಾಗಿ ದೊಡ್ಡವರಿಗೂ ಮಕ್ಕಳಿಗೂ ಐದೈದು ನಕ್ಷತ್ರ ಗಳಿಸಿತು. 3ಎಕ್ಸ್‌ಒ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದಿದೆ. ಬ್ರೆಝಾದ ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗ್ ಬಂದದ್ದು 2025ರಲ್ಲಿ, ಆದ್ದರಿಂದ ಅದಕ್ಕಿಂತ ಹಿಂದಿನ ಸ್ಟಾಕು ಅಥವಾ ಕೈಬದಲಾದ ಗಾಡಿ ಕೊಳ್ಳುವವರು ಏರ್‌ಬ್ಯಾಗುಗಳನ್ನು ಎಣಿಸಿ ನೋಡಬೇಕು. ಮಕ್ಕಳಿರುವ ಮನೆಯವರು ನಕ್ಷತ್ರವನ್ನೇ ಮುಖ್ಯವಾಗಿ ನೋಡುವುದಾದರೆ ನಾನು ಅವರನ್ನು ತಡೆಯುವುದಿಲ್ಲ.

ಬೆಲೆಯ ಲೆಕ್ಕದಲ್ಲಿ ಕರ್ನಾಟಕದವರು ನೋಡಲೇಬೇಕಾದ ಗೆರೆಯೊಂದಿದೆ. ಐದರಿಂದ ಹತ್ತು ಲಕ್ಷದವರೆಗಿನ ಕಾರಿಗೆ ಆಜೀವ ತೆರಿಗೆ ಶೇ. 14, ಹತ್ತು ಲಕ್ಷ ದಾಟಿದರೆ ಶೇ. 17, ಅದರ ಮೇಲೆ ಸೆಸ್ ಬೇರೆ. ಬ್ರೆಝಾದ ಷೋರೂಮ್ ಬೆಲೆ ಎಂಟು ಲಕ್ಷದಾಚೆ ಆರಂಭವಾಗಿ ಮೇಲಿನ ಮಾದರಿಗಳಲ್ಲಿ ಹನ್ನೆರಡನ್ನು ದಾಟುವುದರಿಂದ ಈ ಗೆರೆ ಸರಿಯಾಗಿ ಅದರ ನಡುವೆಯೇ ಹಾದುಹೋಗುತ್ತದೆ. ಹೀಗಾಗಿ ಗೆರೆಯ ಕೆಳಗಿನ ವಿಎಕ್ಸ್‌ಐ ಮ್ಯಾನ್ಯುವಲ್ ಕೊಟ್ಟ ಹಣಕ್ಕೆ ನ್ಯಾಯ ಒದಗಿಸುವ ಮಾದರಿ ಎಂಬುದು ನನ್ನ ಎಣಿಕೆ. ಅತಿ ಮೇಲಿನ ಮಾದರಿಗೆ ಕೊಡುವ ದುಡ್ಡಿನಲ್ಲಿ ಒಳ್ಳೆಯ ಡೀಸೆಲ್ ಗಾಡಿ ಮನೆಗೆ ಬರುತ್ತದೆ. ವಿಮೆಯನ್ನು ಷೋರೂಮಿನಲ್ಲಿಯೇ ಮಾಡಿಸಬೇಕೆಂಬ ಕಾನೂನಿಲ್ಲ. ಹೊರಗೆ ವಿಚಾರಿಸಿ ಹೋದವರಿಗೆ ಅಲ್ಲಿಯೂ ದರ ಇಳಿಯುವುದುಂಟು.

ರಿಪೇರಿಯ ಮಟ್ಟಿಗೆ ಬ್ರೆಝಾದವರು ನಿಶ್ಚಿಂತರು. ಇದೇ ಕುಟುಂಬದ ಎಂಜಿನ್ ಎರ್ಟಿಗಾ ಟ್ಯಾಕ್ಸಿಗಳಲ್ಲಿಯೂ ಇರುವುದರಿಂದ ತಾಲ್ಲೂಕು ಪಟ್ಟಣದ ಮೆಕ್ಯಾನಿಕ್ಕಿಗೂ ಅದರ ಒಳಹೊರಗು ಗೊತ್ತು, ಬಿಡಿಭಾಗಕ್ಕಾಗಿ ಹುಬ್ಬಳ್ಳಿಯ ಬಸ್ಸಿಗೆ ಕಾಯಬೇಕಾಗಿಲ್ಲ.

ಡೀಸೆಲ್ ಬ್ರೆಝಾವೇ ಬೇಕೆನ್ನುವವರಿಗೆ ಉಳಿದಿರುವ ದಾರಿ ಕೈಬದಲಾದ ಗಾಡಿಗಳದ್ದು. ಮೊದಲ ಪೀಳಿಗೆಯಲ್ಲಿ 2016ರಿಂದ 2020ರವರೆಗೆ 1,248 ಸಿಸಿಯ, 90 ಪಿಎಸ್ ಶಕ್ತಿಯ, 200 ನ್ಯೂಟನ್ ಮೀಟರ್ ಎಳೆತದ ಡೀಸೆಲ್ ಎಂಜಿನ್ ಇತ್ತು. ಬಿಎಸ್6 ನಿಯಮ ಬಂದಾಗ ಕಂಪನಿ ಅದನ್ನು ಕೈಬಿಟ್ಟಿತು. ಸ್ವಿಫ್ಟ್, ಡಿಜೈರ್‌ಗಳಲ್ಲಿಯೂ ಇದ್ದ ಈ ಎಂಜಿನ್ನಿಗೆ ವಿಜಯಪುರ–ಬಾಗಲಕೋಟೆಯ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಈಗಲೂ ಗಿರಾಕಿಗಳಿದ್ದಾರೆ, ಅದಕ್ಕೆ ತಕ್ಕಂತೆ ದರವೂ ಏರಿದೆ. ಕೊಳ್ಳುವ ಮುನ್ನ ಬೆಳಗಿನ ತಂಪಿನಲ್ಲಿ, ಎಂಜಿನ್ ಕಾಯುವ ಮೊದಲೇ ಚಾಲೂ ಮಾಡಿಸಿ ಟೈಮಿಂಗ್ ಚೈನಿನ ಕಟಕಟ ಸದ್ದು ಬರುತ್ತದೆಯೇ ಎಂದು ಆಲಿಸಬೇಕು, ಹೆಚ್ಚಿನ ಗೇರಿನಲ್ಲಿ ಒಮ್ಮೆಲೇ ಒತ್ತಿ ಕ್ಲಚ್ಚು ಜಾರುತ್ತದೆಯೇ ಎಂದು ನೋಡಬೇಕು, ಓಡಿದ ಕಿಲೋಮೀಟರನ್ನು ಮೀಟರಿನ ಬದಲು ಸರ್ವಿಸ್ ದಾಖಲೆಯಲ್ಲಿ ಓದಬೇಕು.